ಇಟ್ಟಿಗೆ ಕಾರಿಗೆ ಎಂಥ ಮೋಟಾರು?

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿಗೆ ಹೋಗಿ ‘ಆಟಿಕೆ ಕಾರಿಗೆ ಮೋಟಾರು ಬೇಕು’ ಎಂದರೆ ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ: ‘ಕಿತ್ನಾ ಆರ್‌ಪಿಎಂ?’ ಡಬ್ಬಿಗಳ ಮೇಲೂ ಅದೇ ಬರೆದಿರುತ್ತದೆ: 12 ವೋಲ್ಟ್ 100, 12 ವೋಲ್ಟ್ 300, 12 ವೋಲ್ಟ್ 1000. ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಅಲ್ಲಿಯವರೆಗೆ ಬಂದ ಹುಡುಗನಿಗೆ ಬೇಕಾದದ್ದು ರೇಸ್ ಕಾರು. ಸಹಜವಾಗಿಯೇ ಅವನು ಎಲ್ಲಕ್ಕಿಂತ ದೊಡ್ಡ ಸಂಖ್ಯೆಯ ಮೋಟಾರನ್ನು ಕೊಂಡು ಮನೆಗೆ ಹೋಗುತ್ತಾನೆ. ಮೋಟಾರು ಕೈಯಲ್ಲಿ ಹಿಡಿದರೆ ಗುಂಯ್ ಎನ್ನುತ್ತದೆ. ಕಾರಿಗೆ ಕೂಡಿಸಿ ನೆಲಕ್ಕಿಟ್ಟರೆ ತೆವಳುತ್ತದೆ, ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ.

ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಆದರೆ ಡಬ್ಬಿಯ ಮೇಲಿನ ಸಂಖ್ಯೆ ಮೋಟಾರು ಯಾವ ಕೆಲಸವನ್ನೂ ಮಾಡದೆ ಬರಿದೆ ತಿರುಗುವಾಗಿನ ವೇಗ. ಹೊರೆ ಬಿದ್ದಾಗ ಏನಾಗುತ್ತದೆ ಎಂಬ ಸುದ್ದಿ ಅದರಲ್ಲಿ ಇಲ್ಲವೇ ಇಲ್ಲ. ಮೋಟಾರು ಆರಿಸುವ ಕೆಲಸ ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ ಕಾರಿನ ಪಕ್ಕ ಕೂತು ಶುರುವಾಗಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾರಿಗೆ ಎಷ್ಟು ವ್ಯಾಟ್ ಬೇಕು? ಅದು ಗೊತ್ತಾದರೆ ಆರ್‌ಪಿಎಂ ಗೇರುಗಳು ಹೊಂದಿಸಿಕೊಡುವ ಸಂಗತಿ.

ನಾವು ಮಾತನಾಡುತ್ತಿರುವುದು ಲೆಗೋ ಮಾದರಿಯ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ, ರಿಮೋಟಿನಿಂದ ಓಡುವ ಕಾರಿನ ಬಗ್ಗೆ. ಡೆನ್ಮಾರ್ಕಿನ ಬಿಲುಂಡ್ ಊರಿನ ಲೆಗೋ ಕಂಪನಿ ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಒಂದು ಗುಬುಟಿನಿಂದ ಇನ್ನೊಂದು ಗುಬುಟಿಗೆ 8 ಮಿಲಿಮೀಟರ್ ಅಂತರ. ಅದು ಇಂದಿಗೂ ಹಾಗೆಯೇ ಇದೆ, ಮತ್ತು ನಮ್ಮ ಗೇರಿನ ಲೆಕ್ಕಕ್ಕೆ ಆಮೇಲೆ ಬೇಕಾಗುತ್ತದೆ. ಠಾಣೆ, ಡೊಂಬಿವಲಿ, ವಾಶಿಯ ಮನೆಗಳಲ್ಲಿ ಮಕ್ಕಳ ಡಬ್ಬಿಯಲ್ಲಿ ಅಸಲಿ ಲೆಗೋದ ಜೊತೆಗೆ ಅದಕ್ಕೆ ಹೊಂದುವ ಅಗ್ಗದ ಇಟ್ಟಿಗೆಗಳೂ ಬೆರೆತಿರುತ್ತವೆ. ಎರಡೂ ಒಂದೇ ಅಳತೆ, ಆದ್ದರಿಂದ ವಿಜ್ಞಾನವೂ ಒಂದೇ.

ನಮ್ಮ ಬಿಲ್ಡಿಂಗಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇಂಥ ಕಾರು ಕಟ್ಟಿಕೊಂಡು ಬಂದು ‘ಮಾಮಾ, ಇದಕ್ಕೆ ಯಾವ ಮೋಟಾರು ಹಾಕಲಿ?’ ಎಂದು ಕೇಳಿದ. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಮರಾಠಿ, ಅಂಗಡಿಯಲ್ಲಿ ಹಿಂದಿ ಮಾತನಾಡುವ ಡೊಂಬಿವಲಿಯ ಹುಡುಗ. ಅವನ ಕಾರನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಬ್ಯಾಟರಿ, ರಿಸೀವರ್ ಸೇರಿ ತೂಕ 700 ಗ್ರಾಂ. ಚಕ್ರದ ವ್ಯಾಸ 56 ಮಿಲಿಮೀಟರ್. ಅವನ ಆಸೆ, ಕಾರು ಸೆಕೆಂಡಿಗೆ 3 ಮೀಟರ್ ಓಡಬೇಕು, ಒಂದೂವರೆ ಸೆಕೆಂಡಿನೊಳಗೆ ಆ ವೇಗ ಮುಟ್ಟಬೇಕು. ಗಂಟೆಗೆ ಸುಮಾರು 11 ಕಿಲೋಮೀಟರ್ ಎಂದಾಯಿತು. ಕೇಳಲು ಕಡಿಮೆ ಎನಿಸಿದರೂ ನೆಲಕ್ಕಂಟಿದ ಪುಟ್ಟ ಕಾರು ಆ ವೇಗದಲ್ಲಿ ಕಾಲ ಬಳಿ ಹಾದುಹೋದರೆ ಜನ ಹಿಂದಕ್ಕೆ ಸರಿಯುತ್ತಾರೆ.

ಮೊದಲು ನೆಲ ನೋಡಬೇಕು. ಕಾರು ಓಡುವುದು ಎಲ್ಲಿ? ಸೊಸೈಟಿಯ ಕಾಂಪೌಂಡಿನಲ್ಲಿ ಈಗ ಎಲ್ಲೆಡೆ ಪೇವರ್ ಬ್ಲಾಕ್. ಅದರ ಸಂದುಗಳಲ್ಲಿ ಸಣ್ಣ ಚಕ್ರ ತಡವರಿಸುತ್ತದೆ. ಹಳೆಯ ಬಿಲ್ಡಿಂಗುಗಳ ಪ್ಯಾಸೇಜಿನಲ್ಲಿ, ಮೆಟ್ಟಿಲ ಬಳಿ ಶಹಾಬಾದ್ ಕಲ್ಲು ಹಾಸಿದೆ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಹೆಸರು ಪಡೆದ ಸುಣ್ಣಕಲ್ಲು ಅದು. ವರ್ಷಗಟ್ಟಲೆ ಕಾಲು ಸವೆಸಿ ನಯವಾದ ಆ ನೆಲದಷ್ಟು ಒಳ್ಳೆಯ ಟ್ರ್ಯಾಕ್ ಹೊಸ ಟವರುಗಳಲ್ಲಿ ಸಿಗುವುದಿಲ್ಲ. ಟೆರೇಸಿನ ಸಿಮೆಂಟು ಎರಡರ ನಡುವಿನದು.

ನೆಲ ಮತ್ತು ಆ್ಯಕ್ಸಲ್ಲುಗಳು ಸೇರಿ ಕಾರನ್ನು ಎಷ್ಟು ಹಿಡಿದೆಳೆಯುತ್ತವೆ ಎಂದು ತಿಳಿಯಲು ಉಪಕರಣವೇ ಬೇಡ. ಒಂದು ಮೀಟರ್ ಉದ್ದದ ಹಲಗೆ ತೆಗೆದುಕೊಳ್ಳಿ. ಮೋಟಾರು ಇನ್ನೂ ಕೂಡಿಸದ, ಆದರೆ ತೂಕ ಪೂರ್ತಿ ಇರುವ ಕಾರನ್ನು ಅದರ ಮೇಲಿಡಿ. ಒಂದು ತುದಿಯಡಿ ಪುಸ್ತಕಗಳನ್ನು ಒಂದೊಂದಾಗಿ ಪೇರಿಸುತ್ತ, ಪ್ರತಿ ಸಲ ಕಾರನ್ನು ಮೆಲ್ಲನೆ ತಳ್ಳಿ ನೋಡಿ. ತಳ್ಳಿದ ವೇಗದಲ್ಲೇ, ಹೆಚ್ಚೂ ಆಗದೆ ಕಡಿಮೆಯೂ ಆಗದೆ, ಕಾರು ಕೆಳಗಿನವರೆಗೆ ಉರುಳಿದಾಗ ನಿಲ್ಲಿಸಿ. ತುದಿ ಎಷ್ಟು ಎತ್ತರಕ್ಕೆ ಬಂದಿದೆ? 5 ಸೆಂಟಿಮೀಟರ್ ಇದ್ದರೆ, ತಡೆಯುವ ಬಲ ಕಾರಿನ ತೂಕದ ಇಪ್ಪತ್ತರಲ್ಲಿ ಒಂದು ಭಾಗ, ಅಂದರೆ 35 ಗ್ರಾಂ ತೂಕದಷ್ಟು. ನ್ಯೂಟನ್ನಿನಲ್ಲಿ ಸುಮಾರು 0.35. ಚೆನ್ನಾಗಿ ಕಟ್ಟಿದ ಇಟ್ಟಿಗೆ ಕಾರು ನಯವಾದ ನೆಲದಲ್ಲಿ ಈ ಆಸುಪಾಸಿನಲ್ಲಿ ಇರುತ್ತದೆ. ಆ್ಯಕ್ಸಲ್ಲು ಬಿಗಿಯಾಗಿ ಪಕ್ಕದ ತುಂಡಿಗೆ ಉಜ್ಜುತ್ತಿದ್ದರೆ ಇದು ಎರಡರಷ್ಟಾಗುವುದೂ ಉಂಟು; ಹಾಗಿದ್ದರೆ ದೊಡ್ಡ ಮೋಟಾರು ಹುಡುಕುವ ಮೊದಲು ಆ್ಯಕ್ಸಲ್ಲು ಸಡಿಲಿಸಿ.

ಈಗ ವ್ಯಾಟ್ ತೆಗೆಯುವುದು ಸುಲಭ. ಬಲವನ್ನು ವೇಗದಿಂದ ಗುಣಿಸಿದರೆ ಆಯಿತು: 0.35 ನ್ಯೂಟನ್, ಸೆಕೆಂಡಿಗೆ 3 ಮೀಟರ್, ಸುಮಾರು 1 ವ್ಯಾಟ್. ಇಷ್ಟಿದ್ದರೆ ಕಾರು ಆ ವೇಗದಲ್ಲಿ ಓಡುತ್ತಲೇ ಇರುತ್ತದೆ. ಆದರೆ ನಿಂತ ಕಾರು ಆ ವೇಗಕ್ಕೆ ಬರಬೇಕಲ್ಲ? 700 ಗ್ರಾಂ ಕಾರಿಗೆ ಸೆಕೆಂಡಿಗೆ 3 ಮೀಟರ್ ವೇಗ ಬಂದಾಗ ಅದರಲ್ಲಿ ಸುಮಾರು 3.15 ಜೂಲ್ ಚಲನಶಕ್ತಿ ಸೇರಿರುತ್ತದೆ. ಅದನ್ನು ಒಂದೂವರೆ ಸೆಕೆಂಡಿನಲ್ಲಿ ತುಂಬಬೇಕಾದರೆ ಸರಾಸರಿ 2.1 ವ್ಯಾಟ್, ನೆಲದ ತಡೆಗೆ ಸರಾಸರಿ ಇನ್ನರ್ಧ ವ್ಯಾಟ್, ಗೇರುಗಳಲ್ಲಿ ಸೋರಿಹೋಗುವುದು ಬೇರೆ. ಮೂರು ವ್ಯಾಟಿಗಿಂತ ತುಸು ಹೆಚ್ಚು ಎಂದು ಇಟ್ಟುಕೊಳ್ಳೋಣ. ಗಮನಿಸಿ, ಓಡುತ್ತಿರಲು ಬೇಕಾದದ್ದು ಒಂದು ವ್ಯಾಟ್, ಚಿಮ್ಮಲು ಬೇಕಾದದ್ದು ಮೂರು. ರೇಸ್ ಕಾರಿನ ಮೋಟಾರನ್ನು ನಿರ್ಧರಿಸುವುದು ಈ ಚಿಮ್ಮುವಿಕೆ.

ಇನ್ನು ಮೋಟಾರಿನ ಕಡೆಗೆ ಬರೋಣ. ಆಟಿಕೆಯ ಡಿಸಿ ಮೋಟಾರಿನ ಸ್ವಭಾವ ತಿಳಿಯಲು ಎರಡೇ ಸಂಖ್ಯೆ ಸಾಕು. ಒಂದು, ಹೊರೆಯಿಲ್ಲದಾಗಿನ ವೇಗ; ಅದನ್ನು ಬರಿವೇಗ ಎನ್ನೋಣ. ಇನ್ನೊಂದು, ತಿರುಗದಂತೆ ಹಿಡಿದುಬಿಟ್ಟಾಗ ಅದು ತೋರುವ ಗರಿಷ್ಠ ಟಾರ್ಕ್, ಅಂದರೆ ತಿರುಗುವ ಬಲ. ಅಂಗಡಿಯವರು ‘ಸ್ಟಾಲ್ ಟಾರ್ಕ್’ ಎನ್ನುತ್ತಾರೆ. ಈ ಎರಡರ ನಡುವೆ ನೇರವಾದ ಗೆರೆ ಎಳೆದರೆ ಮೋಟಾರಿನ ಇಡೀ ಬದುಕು ಆ ಗೆರೆಯ ಮೇಲಿದೆ. ಹೊರೆ ಏರಿದಂತೆ ವೇಗ ಇಳಿಯುತ್ತದೆ, ಅಷ್ಟೇ ಸರಳ. ಬರಿದೆ ತಿರುಗುವಾಗ ವೇಗ ಇದೆ, ಬಲವಿಲ್ಲ. ಹಿಡಿದಾಗ ಬಲವಿದೆ, ವೇಗವಿಲ್ಲ. ಎರಡು ತುದಿಯಲ್ಲೂ ಹೊರಬರುವ ಸಾಮರ್ಥ್ಯ ಸೊನ್ನೆ. ಅತಿ ಹೆಚ್ಚು ವ್ಯಾಟ್ ಸಿಗುವುದು ಸರಿಯಾಗಿ ನಡುವೆ, ಬರಿವೇಗದ ಅರ್ಧದಲ್ಲಿ. ಠಾಣೆಯ ಯೇವೂರು ಗುಡ್ಡ ಹತ್ತುವ ಸೈಕಲ್ ಸವಾರರಿಗೆ ಇದು ಕಾಲುಗಳಲ್ಲೇ ಗೊತ್ತು: ತೀರಾ ಹಗುರ ಗೇರಿನಲ್ಲಿ ಪೆಡಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ, ತೀರಾ ಭಾರದ ಗೇರಿನಲ್ಲಿ ಕಾಲು ನಿಂತೇ ಹೋಗುತ್ತದೆ, ನಡುವಿನ ಒಂದು ಲಯದಲ್ಲಿ ಮಾತ್ರ ಗುಡ್ಡ ಕರಗುತ್ತದೆ.

ಈ ಅರ್ಧದ ನಿಯಮದ ಹಿಂದೆ ಒಂದು ಒಳ್ಳೆಯ ಕತೆಯಿದೆ. ಮೋರಿಟ್ಸ್ ಯಾಕೋಬಿ ಎಂಬ ಜರ್ಮನ್ ಎಂಜಿನಿಯರ್, ಗಣಿತಜ್ಞ ಕಾರ್ಲ್ ಯಾಕೋಬಿಯ ಅಣ್ಣ, 1834ರಲ್ಲಿ ನಿಜವಾದ ಕೆಲಸ ಮಾಡಬಲ್ಲ ತಿರುಗುವ ವಿದ್ಯುತ್ ಮೋಟಾರನ್ನು ಕಟ್ಟಿದ. ಆಮೇಲೆ ರಷ್ಯಾಕ್ಕೆ ಹೋಗಿ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಬ್ಯಾಟರಿ ಮೋಟಾರಿನ ದೋಣಿಯಲ್ಲಿ ಜನರನ್ನು ಕೂರಿಸಿಕೊಂಡು ಹರಿವಿಗೆ ಎದುರಾಗಿ ಹೋದ. ಬ್ಯಾಟರಿಯಿಂದ ಅತಿ ಹೆಚ್ಚು ಸಾಮರ್ಥ್ಯ ಪಡೆಯಬೇಕಾದರೆ ಹೊರಗಿನ ಹೊರೆ ಒಳಗಿನ ತಡೆಗೆ ಸಮವಾಗಿರಬೇಕು ಎಂದು ಹೇಳಿದವನೂ ಅವನೇ. ಆ ಸ್ಥಿತಿಯಲ್ಲಿ ಅರ್ಧ ಶಕ್ತಿ ಕೆಲಸಕ್ಕೆ, ಅರ್ಧ ಶಾಖಕ್ಕೆ ಹೋಗುತ್ತದೆ. ಇದನ್ನು ಓದಿದ ಅನೇಕರು ವಿದ್ಯುತ್ ಯಂತ್ರದ ದಕ್ಷತೆ ಶೇಕಡ 50ರ ಮೇಲೆ ಹೋಗಲಾರದು ಎಂದು ಬಹುಕಾಲ ಅಪಾರ್ಥ ಮಾಡಿಕೊಂಡರು. ಅತಿ ಹೆಚ್ಚು ಸಾಮರ್ಥ್ಯ ಕೊಡುವ ಬಿಂದು ಬೇರೆ, ಅತಿ ಹೆಚ್ಚು ದಕ್ಷತೆಯ ಬಿಂದು ಬೇರೆ. ಆಟಿಕೆ ಮೋಟಾರು ಶಕ್ತಿಯನ್ನು ಚೆನ್ನಾಗಿ ಬಳಸುವುದು ಬರಿವೇಗದ ಮುಕ್ಕಾಲು ಭಾಗದ ಆಸುಪಾಸಿನಲ್ಲಿ. ಚಿಮ್ಮುವಾಗ ಅರ್ಧವೇಗವನ್ನು ದಾಟಿಕೊಂಡು ಹೋಗಿ, ಓಡುವಾಗ ಮುಕ್ಕಾಲಿನ ಮೇಲೆ ನೆಲೆಸುವಂತೆ ಗೇರು ಹೊಂದಿಸಿದರೆ ಕಾರೂ ಚುರುಕು, ಮೋಟಾರೂ ತಂಪು.

ಗರಿಷ್ಠ ವ್ಯಾಟ್ ತಿಳಿಯಲು ಸ್ಟಾಲ್ ಟಾರ್ಕನ್ನು ಬರಿವೇಗದಿಂದ ಗುಣಿಸಿ ನಾಲ್ಕರಿಂದ ಭಾಗಿಸಬೇಕು. ವೇಗವನ್ನು ಸೆಕೆಂಡಿಗೆ ಎಷ್ಟು ರೇಡಿಯನ್ ಎಂಬ ಲೆಕ್ಕದಲ್ಲಿ ಹಾಕಬೇಕು: ಆರ್‌ಪಿಎಂ ಅನ್ನು 9.55ರಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ತಕ್ಕಡಿಗೆ ಹಾಕಿದಾಗ ಇಟ್ಟಿಗೆ ಲೋಕದ ಹೆಸರಾಂತ ಮೋಟಾರುಗಳು ಬೇರೆಯದೇ ಮುಖ ತೋರಿಸುತ್ತವೆ.

ಲೆಗೋದ ಪವರ್ ಫಂಕ್ಷನ್ಸ್ ಸರಣಿಯಲ್ಲಿ ಎಂ, ಎಲ್, ಎಕ್ಸ್‌ಎಲ್ ಎಂಬ ಮೂರು ಮೋಟಾರುಗಳಿದ್ದವು. ಕಂಪನಿ ಆ ಸರಣಿಯನ್ನು ನಿಲ್ಲಿಸಿದ್ದರೂ ಹಳೆಯವೂ, ಅದೇ ಅಚ್ಚಿನ ಚೀನಾ ಮೋಟಾರುಗಳೂ ಈಗಲೂ ಓಡಾಡುತ್ತಿವೆ. 9 ವೋಲ್ಟಿನಲ್ಲಿ ಎಂ ಮೋಟಾರಿನ ಬರಿವೇಗ ಸುಮಾರು 400 ಆರ್‌ಪಿಎಂ, ಗರಿಷ್ಠ ಸಾಮರ್ಥ್ಯ ಒಂದು ವ್ಯಾಟಿಗಿಂತ ತುಸು ಮೇಲೆ. ಎಲ್ ಮೋಟಾರು 390 ಆರ್‌ಪಿಎಂ, 1.8 ವ್ಯಾಟ್. ದಪ್ಪಗೆ ದುಂಡಗಿರುವ ಎಕ್ಸ್‌ಎಲ್ 220 ಆರ್‌ಪಿಎಂ, 2.3 ವ್ಯಾಟ್. ಮೂರೂ ಒಳಗೇ ಗೇರು ಇಟ್ಟುಕೊಂಡು ವೇಗ ತಗ್ಗಿಸಿ ಬಲ ಹೆಚ್ಚಿಸಿಕೊಂಡಿರುವಂಥವು. ಕ್ರೇನು, ಟ್ರ್ಯಾಕ್ಟರು, ಜೆಸಿಬಿ ಮಾದರಿಗೆ ಹೇಳಿ ಮಾಡಿಸಿದಂತಿವೆ. ಆದರೆ ನಮ್ಮ 56 ಮಿಲಿಮೀಟರ್ ಚಕ್ರಕ್ಕೆ ಎಕ್ಸ್‌ಎಲ್ ಅನ್ನು ನೇರವಾಗಿ ಕೂಡಿಸಿದರೆ ಹೊರೆಯೇ ಇಲ್ಲದಿದ್ದರೂ ಸೆಕೆಂಡಿಗೆ 65 ಸೆಂಟಿಮೀಟರ್ ದಾಟುವುದಿಲ್ಲ. ಮೂರು ಮೀಟರಿಗೆ ಒಯ್ಯಲು ಹೊರಗೆ ಮತ್ತೆ ಗೇರು ಹಾಕಿ ಐದಾರು ಪಟ್ಟು ವೇಗ ಏರಿಸಬೇಕು. ಒಳಗೆ ಇಳಿಸಿದ್ದನ್ನು ಹೊರಗೆ ಏರಿಸುವುದು! ಎರಡು ಕಡೆಯೂ ಘರ್ಷಣೆಗೆ ಸುಂಕ ಕಟ್ಟಬೇಕು. ಈ ಮೋಟಾರುಗಳಿಂದ ರೇಸ್ ಕಾರು ಮಾಡಲು ಹೊರಟವರಿಗೆ ನಿರಾಸೆಯಾಗುವುದು ಇಲ್ಲಿಯೇ. ಲೆಗೋದವರು ಓಟದ ‘ಬಗ್ಗಿ’ ಕಾರಿಗಾಗಿ ಮಾಡಿದ್ದ ಬೇರೆಯೇ ಒಂದು ಮೋಟಾರಿತ್ತು. ಅದರ ಬರಿವೇಗ ಸಾವಿರ ಆರ್‌ಪಿಎಂ ದಾಟುತ್ತಿತ್ತು, ಹಿಡಿದರೆ 3 ಆಂಪಿಯರಿಗಿಂತ ಹೆಚ್ಚು ಎಳೆಯುತ್ತಿತ್ತು. ಈಗ ಅದು ಸಂಗ್ರಹಕಾರರ ಬೆಲೆಗೆ ಹೋಗಿಬಿಟ್ಟಿದೆ.

ಇನ್ನೊಂದು ಕಡೆ, ಎಲ್ಲರೂ ಕಡೆಗಣಿಸುವ ಪುಟ್ಟ ‘130 ಮೋಟಾರು’. ಜಪಾನಿನ ಮಬುಚಿ ಕಂಪನಿಯ ಅಚ್ಚು. ಈಗ ಯಾರು ಯಾರೋ ಮಾಡುತ್ತಾರೆ. ಎರಡು ಬದಿ ಚಪ್ಪಟೆ, ಎರಡು ಬದಿ ದುಂಡು, ಉದ್ದ 25 ಮಿಲಿಮೀಟರ್, ತೂಕ ಸುಮಾರು 17 ಗ್ರಾಂ. ಮುರಿದ ಆಟಿಕೆಯಲ್ಲೆಲ್ಲ ಇದೇ ಇರುತ್ತದೆ. ಹಳೆ ಸಾಮಾನು ಕೊಳ್ಳುವ ಭಂಗಾರ್‌ವಾಲಾನ ಗಾಡಿಯಲ್ಲೂ ಸಿಗುತ್ತದೆ. ಮಬುಚಿಯ ಒಂದು ಸಾಮಾನ್ಯ ಮಾದರಿ 1.5 ವೋಲ್ಟಿನಲ್ಲಿ 9,100 ಆರ್‌ಪಿಎಂ ತಿರುಗುತ್ತದೆ, ಹಿಡಿದರೆ 2.2 ಆಂಪಿಯರ್ ಎಳೆಯುತ್ತದೆ, ಗರಿಷ್ಠ ಸಾಮರ್ಥ್ಯ 0.6 ವ್ಯಾಟ್. ಏನೂ ಅಲ್ಲ ಎನಿಸುತ್ತದೆ. ಆದರೆ ವೋಲ್ಟೇಜನ್ನು ಇಮ್ಮಡಿ ಮಾಡಿ, 3 ವೋಲ್ಟಿಗೆ ಒಯ್ಯಿರಿ. ವೇಗವೂ ಇಮ್ಮಡಿ, ಟಾರ್ಕೂ ಇಮ್ಮಡಿ. ಎರಡರ ಗುಣಲಬ್ಧವಾದ ಸಾಮರ್ಥ್ಯ ನಾಲ್ಮಡಿ. 2.4 ವ್ಯಾಟ್! 70 ಗ್ರಾಂ ತೂಗುವ ಎಕ್ಸ್‌ಎಲ್ ಕೊಡುವಷ್ಟನ್ನೇ ಅದರ ಕಾಲು ಭಾಗ ತೂಕದ ಮೋಟಾರು ಕೊಡುತ್ತದೆ. ವ್ಯತ್ಯಾಸ ಇಷ್ಟೇ: ಒಂದು ಅದನ್ನು ನಿಧಾನವಾಗಿ ಬಲವಾಗಿ ಕೊಡುತ್ತದೆ, ಇನ್ನೊಂದು ವೇಗವಾಗಿ ಮೆತ್ತಗೆ. ಗೇರಿನ ಹಲ್ಲುಗಳಿಗೆ ಒಂದನ್ನು ಇನ್ನೊಂದಾಗಿ ಮಾಡುವ ವಿದ್ಯೆ ಗೊತ್ತಿದೆ.

ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ 130 ಮೋಟಾರು ಮಬುಚಿಯ ಲೆಕ್ಕಕ್ಕೆ ಹೊಂದಲೇಬೇಕೆಂದಿಲ್ಲ. ಒಳಗಿನ ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಬೇರೆಯಾದರೆ ಮೋಟಾರೇ ಬೇರೆ. ಆದ್ದರಿಂದ ಅಳೆದು ನೋಡುವುದು ಕಲಿಯಬೇಕು, ಮತ್ತು ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಬೇಕಾದದ್ದು ಒಂದು ಮಲ್ಟಿಮೀಟರು, ಹೊಸ ಸೆಲ್ಲು, ಫೋನು.

ಮೀಟರನ್ನು 10 ಆಂಪಿಯರ್ ಸ್ಥಾನಕ್ಕಿಟ್ಟು, ಕೆಂಪು ವೈರನ್ನು ಆ ರಂಧ್ರಕ್ಕೇ ಬದಲಿಸಿ, ಮೋಟಾರಿನ ಜೊತೆ ಸಾಲಾಗಿ ಜೋಡಿಸಿ. ಮೋಟಾರು ಬರಿದೆ ತಿರುಗಲಿ, ಕರೆಂಟು ಬರೆದುಕೊಳ್ಳಿ. ಈಗ ಶಾಫ್ಟನ್ನು ಇಕ್ಕಳದಿಂದ ಹಿಡಿದು ಒಂದೇ ಸೆಕೆಂಡು ನಿಲ್ಲಿಸಿ, ಆ ಕ್ಷಣದ ಕರೆಂಟನ್ನೂ, ಎರಡನೇ ಮೀಟರಿದ್ದರೆ ಮೋಟಾರಿನ ಕಾಲುಗಳ ನಡುವಿನ ವೋಲ್ಟೇಜನ್ನೂ ಓದಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಮೋಟಾರಿನ ಒಳತಡೆ. ನಮ್ಮ 130ಕ್ಕೆ ಅದು 0.7 ಓಮ್ ಹತ್ತಿರ. ಮೀಟರಿನ ಓಮ್ ಸ್ಥಾನದಲ್ಲಿ ನೇರವಾಗಿ ಅಳೆದರೆ ಇಷ್ಟು ಸಣ್ಣ ತಡೆ ಸರಿಯಾಗಿ ಬರುವುದಿಲ್ಲ, ಪ್ರೋಬಿನ ವೈರಿನ ತಡೆಯೇ ಅದರಲ್ಲಿ ಬೆರೆತಿರುತ್ತದೆ. ಬರಿವೇಗ ಅಳೆಯಲು ಮೋಟಾರಿಗೆ ಎರಡು ಹಂತದ ಗೇರು ಕೂಡಿಸಿ, ಕೊನೆಯ ಗೇರಿನ ಒಂದು ಹಲ್ಲಿಗೆ ಬಿಳಿ ಬಣ್ಣ ಹಚ್ಚಿ, ಫೋನಿನ ಸ್ಲೋ ಮೋಷನ್ನಿನಲ್ಲಿ ಚಿತ್ರ ತೆಗೆದು ಸುತ್ತು ಎಣಿಸಿ, ಗೇರಿನ ಅನುಪಾತದಿಂದ ಗುಣಿಸಿ.

ಟಾರ್ಕ್ ಅಳೆಯುವುದು ಹೇಗೆ? ಅಳೆಯುವುದೇ ಬೇಡ, ಅದು ತಾನಾಗಿ ಕೈಗೆ ಬರುತ್ತದೆ. ತಿರುಗುತ್ತಿರುವ ಪ್ರತಿ ಮೋಟಾರೂ ಏಕಕಾಲಕ್ಕೆ ಜನರೇಟರ್ ಕೂಡ. ತನ್ನ ವೇಗಕ್ಕೆ ತಕ್ಕಷ್ಟು ವೋಲ್ಟೇಜನ್ನು ಬ್ಯಾಟರಿಗೆ ಎದುರಾಗಿ ಹುಟ್ಟಿಸುತ್ತದೆ. ಸೆಕೆಂಡಿಗೆ ಒಂದು ರೇಡಿಯನ್ ವೇಗಕ್ಕೆ ಎಷ್ಟು ವೋಲ್ಟ್ ಹುಟ್ಟಿಸುತ್ತದೋ, ಒಂದು ಆಂಪಿಯರಿಗೆ ಅಷ್ಟೇ ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ. ಎರಡೂ ಒಂದೇ ಸಂಖ್ಯೆ. ಇದು ಕಾಕತಾಳೀಯವಲ್ಲ, ಒಳಹೋದ ವಿದ್ಯುತ್ ಶಕ್ತಿ ಚಲನೆಯಾಗಿ ಹೊರಬರಬೇಕಾದರೆ ಲೆಕ್ಕ ಎರಡೂ ಕಡೆ ಸರಿಹೋಗಬೇಕು, ಶಕ್ತಿಸಂರಕ್ಷಣೆಯ ನಿಯಮ ಬೇರೆ ದಾರಿ ಬಿಡುವುದಿಲ್ಲ. ಹಾಗಾಗಿ ವೋಲ್ಟ್, ಕರೆಂಟು, ಸುತ್ತು ಈ ಮೂರನ್ನು ಅಳೆದರೆ ಟಾರ್ಕ್ ಗೊತ್ತಾಗುತ್ತದೆ. ಮಬುಚಿ 130ರ ಅಂಕಿಗಳನ್ನು ಹಾಕಿ ನೋಡಿದರೆ ಕಂಪನಿ ಹೇಳುವ ಟಾರ್ಕಿಗೂ ಈ ಲೆಕ್ಕಕ್ಕೂ ಹತ್ತನೇ ಒಂದರಷ್ಟೇ ಅಂತರ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಇಷ್ಟು ಹತ್ತಿರ ಬರುವುದು ಸಣ್ಣ ಮಾತಲ್ಲ.

ಗೇರಿಗೆ ಬರೋಣ. ಸೆಕೆಂಡಿಗೆ 3 ಮೀಟರ್ ಎಂದರೆ ನಮ್ಮ ಚಕ್ರಕ್ಕೆ ಸುಮಾರು 1,020 ಆರ್‌ಪಿಎಂ. 3 ವೋಲ್ಟಿನಲ್ಲಿ ಮೋಟಾರಿನ ಬರಿವೇಗ 18,200. ಮೋಟಾರು ಬರಿವೇಗದ ಮುಕ್ಕಾಲಿಗಿಂತ ತುಸು ಮೇಲಿದ್ದು ಓಡಬೇಕಾದರೆ 14ರಿಂದ 15 ಪಟ್ಟು ಇಳಿಸಬೇಕು. ಇಟ್ಟಿಗೆ ಗೇರುಗಳು 8, 12, 16, 20, 24, 36, 40 ಹಲ್ಲಿನವು. ಇಲ್ಲಿ 8 ಮಿಲಿಮೀಟರ್ ಅಂತರ ಕೆಲಸಕ್ಕೆ ಬರುತ್ತದೆ. ಎರಡು ಗೇರುಗಳ ಹಲ್ಲುಗಳನ್ನು ಕೂಡಿ 16ರಿಂದ ಭಾಗಿಸಿ. ಪೂರ್ಣ ಸಂಖ್ಯೆ ಬಂದರೆ ಅಷ್ಟು ರಂಧ್ರಗಳ ದೂರದಲ್ಲಿ ಅವು ಸರಿಯಾಗಿ ಕಚ್ಚಿಕೊಳ್ಳುತ್ತವೆ. 8 ಮತ್ತು 40 ಕೂಡಿದರೆ 48, ಮೂರು ರಂಧ್ರ. ಐದು ಪಟ್ಟು ಇಳಿತ. 8 ಮತ್ತು 24 ಕೂಡಿದರೆ 32, ಎರಡು ರಂಧ್ರ; ಮೂರು ಪಟ್ಟು. ಎರಡೂ ಸೇರಿ 15 ಪಟ್ಟು. ನಮಗೆ ಬೇಕಾದದ್ದೇ.

ಮೋಟಾರಿನ ಶಾಫ್ಟು 2 ಮಿಲಿಮೀಟರ್, ಇಟ್ಟಿಗೆಯ ಆ್ಯಕ್ಸಲ್ಲು 4.8 ಮಿಲಿಮೀಟರಿನ ಕೂಡುಚಿಹ್ನೆ ಆಕಾರ. ಎರಡನ್ನೂ ಬೆಸೆಯಲು ತ್ರೀಡಿ ಪ್ರಿಂಟಿನ ಪುಟ್ಟ ತೋಳು ಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಇಷ್ಟು ವೇಗದಲ್ಲಿ ಇಡೀ ಕಾರು ನಡುಗುತ್ತದೆ. ಗೇರುಗಳ ಸದ್ದು ಕೇಳಿದರೆ ಸಾಕು, ಓರೆಯೋ ನೇರವೋ ತಿಳಿಯುತ್ತದೆ. ಮೊದಲ ಹಂತಕ್ಕೆ ಸಿಲಿಕೋನ್ ಗ್ರೀಸ್ ತಪ್ಪಿಸಬೇಡಿ. ಒಣ ಪ್ಲಾಸ್ಟಿಕ್ ಹಲ್ಲು ಆ ವೇಗದಲ್ಲಿ ಬಿಸಿಯಾಗಿ ಮೆತ್ತಗಾಗುತ್ತದೆ.

ಒಂದೇ 130 ಮೋಟಾರಿನಿಂದ ಈ ಕಾರಿನ ಓಟವನ್ನು ಲೆಕ್ಕ ಹಾಕಿದರೆ, ಗೇರಿನಲ್ಲಿ ಐದನೇ ಒಂದು ಭಾಗ ಸೋರುತ್ತದೆ ಎಂದಿಟ್ಟುಕೊಂಡು, ಕಾರು ಮೂರು ಮೀಟರ್ ವೇಗದ ಹತ್ತಿರ ಹೋಗಿ ಅಲ್ಲೇ ಸುಸ್ತಾಗುತ್ತದೆ. ಅದರ ಹತ್ತರಲ್ಲಿ ಒಂಬತ್ತು ಭಾಗ ಮುಟ್ಟಲು ಎರಡೂವರೆ ಸೆಕೆಂಡಿಗೂ ಮೇಲೆ ಬೇಕು. ಎರಡು ಮೋಟಾರುಗಳನ್ನು ಒಂದೇ 40 ಹಲ್ಲಿನ ಗೇರಿಗೆ ಕಚ್ಚಿಸಿದರೆ ಮೂರು ಮೀಟರ್ ವೇಗಕ್ಕೆ ಒಂದೂವರೆ ಸೆಕೆಂಡು ಸಾಕು. ಎರಡು ಪುಟ್ಟ ಮೋಟಾರು ಎಂಬುದೇ ನನ್ನ ತೀರ್ಪು. ನಿಜದ ನೆಲದಲ್ಲಿ ಇದಕ್ಕೆ ಇನ್ನೊಂದು ಮಿತಿ ಎದುರಾಗುತ್ತದೆ: ಹೊರಡುವ ಕ್ಷಣದಲ್ಲಿ ಎರಡು ಮೋಟಾರಿನ ಬಲ ಹಿಂಚಕ್ರಗಳ ಹಿಡಿತವನ್ನು ಮೀರುತ್ತದೆ, ಚಕ್ರ ಇದ್ದಲ್ಲೇ ಜಾರುತ್ತದೆ. ಟೆರೇಸಿನಲ್ಲಿ ಮಳೆಗಾಲದ ಪಾಚಿಯ ಪುಡಿ ಉಳಿದಿದ್ದರಂತೂ ಹೇಳುವುದೇ ಬೇಡ. ಬ್ಯಾಟರಿಯನ್ನು ಹಿಂದಿನ ಆ್ಯಕ್ಸಲ್ಲಿನ ಮೇಲೆ ಇಡುವುದು ಇದಕ್ಕಾಗಿ.

ಈ ಹೊರಡುವ ಕ್ಷಣ ಎಲ್ಲ ಡಿಸಿ ಮೋಟಾರುಗಳಿಗೂ ಕಂಟಕ. ನಿಂತ ಮೋಟಾರಿನಲ್ಲಿ ಎದುರು ವೋಲ್ಟೇಜು ಇಲ್ಲ. ಕರೆಂಟನ್ನು ತಡೆಯುವುದು ಆ 0.7 ಓಮ್ ಮಾತ್ರ. 3 ವೋಲ್ಟಿಗೆ 4.4 ಆಂಪಿಯರ್, ಅಂದರೆ 13 ವ್ಯಾಟ್, ಪೂರ್ತಿ ಶಾಖ. ಹೆಬ್ಬೆರಳ ತುದಿಯಷ್ಟಿರುವ ಮೋಟಾರು ಇದನ್ನು ಕೆಲವು ಸೆಕೆಂಡು ತಾಳೀತು. ಕಾರು ಗೋಡೆಗೆ ಗುದ್ದಿ ನಿಂತಾಗ ರಿಮೋಟಿನ ಕಡ್ಡಿಯನ್ನು ಹಿಡಿದೇ ಇದ್ದರೆ ತಾಮ್ರದ ಎಲೆಯಂಥ ಬ್ರಶ್ಶು ಸುಡುತ್ತದೆ, ಅದನ್ನು ಹಿಡಿದ ಪ್ಲಾಸ್ಟಿಕ್ ಮುಚ್ಚಳ ಕರಗುತ್ತದೆ. ಬಿಸಿಯಾದಂತೆ ತಾಮ್ರದ ತಡೆ ಡಿಗ್ರಿಗೆ ಶೇಕಡ 0.4ರಷ್ಟು ಏರುತ್ತದೆ, ಆಯಸ್ಕಾಂತ ಶೇಕಡ 0.2ರಷ್ಟು ಸೊರಗುತ್ತದೆ, ಹಾಗಾಗಿ ಕಾದ ಮೋಟಾರು ಮೊದಲಿನ ಮೋಟಾರೇ ಅಲ್ಲ.

ನಮ್ಮ ಲೋಕಲ್ ಗಾಡಿಗಳು ಇದೇ ಸಮಸ್ಯೆಯನ್ನು ಬಿಡಿಸಿಕೊಂಡು ಬಂದವು. 1925ರ ಫೆಬ್ರವರಿ 3ರಂದು ಆಗಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಹೊರಟಿತು, 1,500 ವೋಲ್ಟಿನ ಡಿಸಿಯಲ್ಲಿ. ಡೊಂಬಿವಲಿ, ಕಲ್ಯಾಣದ ನಡುವಿನ ಠಾಕುರ್ಲಿಯ ಚೋಳೆ ಪವರ್ ಹೌಸನ್ನು ಆಗಿನ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಟ್ಟಿದ್ದು ಈ ಗಾಡಿಗಳಿಗೆ ಕರೆಂಟು ಕೊಡಲು. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಂತು ಹೊರಡುವ ಗಾಡಿಗೆ ಪ್ರತಿ ಸ್ಟೇಷನ್ನೂ ಒಂದು ರೇಸಿನ ಆರಂಭ. ಡಿಸಿ ಕಾಲದ ಗಾಡಿಗಳಲ್ಲಿ ಹೊರಡುವಾಗ ಮೋಟಾರುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ, ಜೊತೆಗೆ ದೊಡ್ಡ ರೆಸಿಸ್ಟೆನ್ಸುಗಳನ್ನು ಸೇರಿಸಿ ಕರೆಂಟಿಗೆ ಕಡಿವಾಣ ಹಾಕುತ್ತಿದ್ದರು. ವೇಗ ಏರಿದಂತೆ ರೆಸಿಸ್ಟೆನ್ಸುಗಳನ್ನು ಒಂದೊಂದಾಗಿ ಕಳಚಿ, ಆಮೇಲೆ ಮೋಟಾರುಗಳನ್ನು ಸಮಾಂತರಕ್ಕೆ ಬದಲಿಸುತ್ತಿದ್ದರು. ರೆಸಿಸ್ಟೆನ್ಸಿನಲ್ಲಿ ಹೋದದ್ದೆಲ್ಲ ಬೋಗಿಯ ಅಡಿಯಲ್ಲಿ ಶಾಖವಾಗಿ ಪೋಲು. 2016ರಲ್ಲಿ ಹಾರ್ಬರ್ ಮಾರ್ಗವೂ ಬದಲಾದಾಗ ಇಡೀ ಜಾಲ 25,000 ವೋಲ್ಟಿನ ಎಸಿಗೆ ಬಂತು. ಈಗಿನ ಗಾಡಿಗಳ ಮೂರು ಫೇಸಿನ ಮೋಟಾರುಗಳಿಗೆ ಎಲೆಕ್ಟ್ರಾನಿಕ್ಸ್ ಬೇಕಾದಷ್ಟೇ ಅಳೆದು ಕೊಡುತ್ತದೆ, ಬ್ರೇಕು ಹಾಕಿದಾಗ ಶಕ್ತಿಯನ್ನು ತಂತಿಗೆ ಮರಳಿಸುತ್ತದೆ.

ಹುಡುಗನ ಕಾರಿಗೂ ರೈಲಿನ ಉಪಾಯವೇ ಸರಿ. ಎರಡು 130 ಮೋಟಾರುಗಳನ್ನು ಸರಣಿಯಲ್ಲಿ ಜೋಡಿಸಿ, ಎರಡು 18650 ಲಿಥಿಯಂ ಸೆಲ್ಲುಗಳ 7.4 ವೋಲ್ಟಿಗೆ ಕೊಡುವುದು. ಒಂದೊಂದು ಮೋಟಾರಿಗೆ 3.7 ವೋಲ್ಟ್ ಸಿಗುತ್ತದೆ; ರಿಮೋಟಿನಲ್ಲಿ ಗರಿಷ್ಠವನ್ನು ಶೇಕಡ 80ಕ್ಕೆ ಕಟ್ಟಿದರೆ 3 ವೋಲ್ಟಿಗೆ ಬಂದು ನಿಲ್ಲುತ್ತದೆ. ಸರಣಿಯಾದ್ದರಿಂದ ಎರಡರಲ್ಲೂ ಒಂದೇ ಕರೆಂಟು, ಹಾಗಾಗಿ ಸಮನಾದ ಬಲ. ಬ್ಯಾಟರಿಯ ಮೇಲಿನ ಕರೆಂಟಿನ ಹೊರೆಯೂ ಸಮಾಂತರದಲ್ಲಿ ಇದ್ದದ್ದರ ಅರ್ಧ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ಲು ಮಕ್ಕಳ ಕೈಗೆ ಬೇಡವೇ ಬೇಡ. ನಂಬಿಕೆಯ ಅಂಗಡಿಯಿಂದ ಹೊಸ ಸೆಲ್ಲು ತಂದು, ಸಾಲಿನಲ್ಲಿ ಒಂದು ಫ್ಯೂಸು ಹಾಕಬೇಕು.

ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲರಿಗೆ ಅಂಗಡಿಯವರು ಎಲ್298 ಎಂಬ ಕೆಂಪು ಬೋರ್ಡನ್ನು ಮೊದಲು ಮುಂದಿಡುತ್ತಾರೆ. ಕಾಲೇಜಿನ ಪ್ರಾಜೆಕ್ಟುಗಳಿಗೆಲ್ಲ ಅದೇ ಹೋಗುತ್ತದೆ. ಒಳಗಿನ ಹಳೆಯ ಕಾಲದ ಟ್ರಾನ್ಸಿಸ್ಟರುಗಳು ಎರಡು ವೋಲ್ಟಿನಷ್ಟನ್ನು ತಾವೇ ನುಂಗುತ್ತವೆ. 12 ವೋಲ್ಟಿನ ಕೆಲಸಕ್ಕೆ ನಡೆದೀತು, ನಮ್ಮ 7.4ರಲ್ಲಿ ಅದು ಕಾಲು ಭಾಗಕ್ಕೂ ಹೆಚ್ಚು. ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರುಗಳಿರುವ, ಬ್ರಶ್ ಮೋಟಾರಿಗೆಂದೇ ಮಾಡಿದ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಕೇಳಿ ತನ್ನಿ. ಮೋಟಾರಿನ ಕಾಲುಗಳಿಗೆ ಅಡ್ಡಲಾಗಿ ‘104’ ಎಂದು ಬರೆದಿರುವ ಸಣ್ಣ ಕೆಪಾಸಿಟರನ್ನು ಬೆಸುಗೆ ಹಾಕಿದರೆ ಬ್ರಶ್ಶಿನ ಕಿಡಿಗಳಿಂದ ರಿಮೋಟಿನ ರೇಡಿಯೊ ತಬ್ಬಿಬ್ಬಾಗುವುದು ತಪ್ಪುತ್ತದೆ.

ಬ್ರಶ್ಶೇ ಇಲ್ಲದ ಬ್ರಶ್‌ಲೆಸ್ ಮೋಟಾರು ಏಕೆ ಬೇಡ ಎಂದು ಕೇಳುವವರಿದ್ದಾರೆ. ಡ್ರೋನಿನವರು ಬಳಸುವ ಎ2212 ಮೋಟಾರು ವೋಲ್ಟಿಗೆ 1,000 ಆರ್‌ಪಿಎಂ, ನೂರು ವ್ಯಾಟ್ ಮೀರಿ ಕೊಡಬಲ್ಲದು. ನಮಗೆ ಬೇಕಾದದ್ದು ಮೂರೂ ಚಿಲ್ಲರೆ. ಪ್ಲಾಸ್ಟಿಕ್ ಆ್ಯಕ್ಸಲ್ಲು ಹಗ್ಗದಂತೆ ಹುರಿಗೊಳ್ಳುತ್ತದೆ, ಗೇರಿನ ಹಲ್ಲು ಹಾರುತ್ತದೆ. ಲೋಹದ ಆ್ಯಕ್ಸಲ್ಲಿನ ಕಾರಿಗೆ ಅದು ಸೊಗಸು, ಇಟ್ಟಿಗೆಗಲ್ಲ. ಇನ್ನು ರೋಬೋಟ್ ಸ್ಪರ್ಧೆಗಳಿಗೆ ಹೋಗುವ ಹಳದಿ ಬಣ್ಣದ ಬಿ.ಒ. ಮೋಟಾರಿನ ಒಳಗಿರುವುದು ಇದೇ 130 ಜಾತಿಯದು, 48 ಪಟ್ಟು ಇಳಿಸಿದ್ದು. ರೇಸಿಗೆ ಬೇಕಾದ್ದಕ್ಕಿಂತ ಮೂರು ಪಟ್ಟು ನಿಧಾನ. ಅದನ್ನು ಬಿಚ್ಚಿ ಒಳಗಿನ ಮೋಟಾರನ್ನು ಮಾತ್ರ ತೆಗೆದುಕೊಂಡರೆ ದಾರಿಯುಂಟು. ಹಳೆಯ ಪ್ರಿಂಟರಿನ ಸ್ಟೆಪ್ಪರ್ ಮೋಟಾರು ಎಷ್ಟು ದಪ್ಪಗಿದ್ದರೂ ಬಿಟ್ಟುಬಿಡಿ. ಅದು ಹೆಜ್ಜೆ ಎಣಿಸಿ ನಿಖರವಾಗಿ ನಿಲ್ಲಲು ಹುಟ್ಟಿದ್ದು. ವೇಗ ಏರಿದಂತೆ ಅದರ ಬಲ ಬೇಗನೆ ಕರಗುತ್ತದೆ.

ಎಲ್ಲ ಕೂಡಿಸಿದ ಮೇಲೆ ಕಾರನ್ನು ಎರಡು ನಿಮಿಷ ನಿಜವಾದ ರೇಸಿನಂತೆ ಓಡಿಸಿ, ನಿಲ್ಲಿಸಿದ ಕೂಡಲೇ ಮೋಟಾರಿನ ಮೈಮೇಲೆ ಬೆರಳಿಡಿ. ಐದು ಸೆಕೆಂಡು ಇಟ್ಟುಕೊಳ್ಳಲು ಆದರೆ ಸರಿಯಿದೆ. ಬೆರಳು ತಾನಾಗಿ ಹಿಂದೆ ಬಂದರೆ ಮೋಟಾರಿಗೆ ಹೊರೆ ಹೆಚ್ಚು, ಅದು ಅರ್ಧವೇಗದ ಕೆಳಗೇ ತಿಣುಕುತ್ತಿದೆ. ಪೇವರ್ ಬ್ಲಾಕಿನ ಮೇಲೆ ಓಡಿಸುವವರಿಗೆ ಇದು ಆಗುವುದು ಹೆಚ್ಚು. ಆಗ ಗೇರುಪೆಟ್ಟಿಗೆ ಬಿಚ್ಚಬೇಕಾಗಿಲ್ಲ. 56 ಮಿಲಿಮೀಟರ್ ಚಕ್ರ ತೆಗೆದು 43 ಮಿಲಿಮೀಟರಿನದನ್ನು ಹಾಕಿ. ಮೋಟಾರಿನ ಮೇಲಿನ ಹೊರೆ ಕಾಲು ಭಾಗದಷ್ಟು ಇಳಿಯುತ್ತದೆ, ಹೊರೆಯಿಲ್ಲದಾಗಿನ ಕಾರಿನ ವೇಗವೂ ಅಷ್ಟೇ ಇಳಿಯುತ್ತದೆ; ಆದರೆ ತಿಣುಕುತ್ತಿದ್ದ ಮೋಟಾರು ಈಗ ಮೇಲೇರಿ ತಿರುಗುವುದರಿಂದ ಒರಟು ನೆಲದಲ್ಲಿ ಕಾರು ಮೊದಲಿಗಿಂತ ಬೇಗ ಹೊರಡುತ್ತದೆ. ಹುಡುಗನ ಡಬ್ಬಿಯಲ್ಲಿ ಎರಡೂ ಅಳತೆಯ ಚಕ್ರಗಳಿವೆ, ಒಂದು ಜೊತೆ ಶಹಾಬಾದ್ ಪ್ಯಾಸೇಜಿಗೆ, ಇನ್ನೊಂದು ಕಾಂಪೌಂಡಿಗೆ.